ಸಿಗಡಿ ಬಿಟ್ಟ ಚಟ್ನಿಪುಡಿ

ಸಂಘದ ಕಾರ್ಯದರ್ಶಿ ಅನಿಷಾ ಮೇಡಂ ಫೋನು ಮಾಡಿದಾಗ ಜಲಜ ಕೊರವಡಿಯ ತನ್ನ ಅಂಗಳದಲ್ಲಿ ಕೂತು ಒಣ ಸಿಗಡಿಯ ತಲೆ, ಬಾಲ ಮುರಿಯುತ್ತಿದ್ದಳು. ಕೈ ತುಂಬ ಸಿಗಡಿಯ ಪುಡಿ. ಸೊಸೆ ಶ್ರೀಲತಾ ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ಮುಖದ ಹತ್ತಿರ ಹಿಡಿದಳು.

"ಜಲಜಕ್ಕ, ಬಪ್ಪು ಭಾನುವಾರ ನಮ್ಮ ಉದ್ಯಮಿ ಮೇಳ. ಬೆಂಗ್ಳೂರಿನ ದೊಡ್ಡ ಅಂಗ್ಡಿಯವ್ರ್ ಬತ್ರ್. ರುಚಿ ಕಂಡ್ ಅಲ್ಲೇ ಆರ್ಡರ್ ಕೊಡ್ತ್ರ್. ನಿಮ್ಗೂ ಒಂದ್ ಟೇಬಲ್ ಇತ್ತ್."

"ದೇವ್ರ್ ದೊಡ್ಡವ ಮೇಡಂ" ಎಂದಳು ಜಲಜ.

"ಆದ್ರೆ ಒಂದ್ ವಿಷ್ಯ. ಮೇಳ ಕುಂಭಾಶಿ ಹಾಲಂಗೆ. ಮದಿ ಮುಂಜಿ ಆಪು ಜಾಗ ಅಲ್ದಾ, ಮೀನ್ ಒಳ್ಗೆ ತಕಂಡ್ ಬಪ್ಪುಕಾಗ. ಬೇರೆ ಎಂತಾರೂ ಮಾಡ್ಕಂಡ್ ಬನ್ನಿ, ಆತಾ?"

ಕೇಳಿದಿರಲ್ಲ! ಸಂಘದ ಹೆಸರು ಕಿನಾರೆ ಸಣ್ಣ ಉದ್ಯಮಿಗಳ ಸಂಘ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅದರ ಸದಸ್ಯರಲ್ಲಿ ಅರ್ಧಕ್ಕರ್ಧ ಜನ ಮೀನು ಒಣಗಿಸುವವರು, ಮೀನು ಮಾರುವವರು, ಮೀನಿನ ಉಪ್ಪಿನಕಾಯಿ ಹಾಕುವವರು. ಅವರ ಮೇಳಕ್ಕೆ ಮೀನಿಗೇ ಪ್ರವೇಶವಿಲ್ಲ. ಕುಂದಾಪುರದಲ್ಲಿ ಬೇರೆ ಸಭಾಭವನ ಇರಲಿಲ್ಲವೇ? ಇತ್ತು. ಆದರೆ ಕುಂಭಾಶಿಯ ಮದುವೆ ಹಾಲು ಸಂಘದ ಅಧ್ಯಕ್ಷ ಕೌಶಲ್ ಹೆಗ್ಡೆಯ ಮಾವನದ್ದು, ಬಾಡಿಗೆ ಇಲ್ಲದೆ ಸಿಗುತ್ತಿತ್ತು. ಬಾಡಿಗೆ ಉಳಿಯಿತೆಂದು ಕಮಿಟಿಯವರೆಲ್ಲ ಕೌಶಲ್‌ಗೆ ಚಪ್ಪಾಳೆ ತಟ್ಟಿದರಂತೆ.

ಅನಿಷಾಳನ್ನು ಬೈಯುವಂತಿಲ್ಲ. ಜಲಜಳ ಸಿಗಡಿ ಚಟ್ನಿಪುಡಿಗೆ ಆಹಾರದ ಲೈಸೆನ್ಸು ಮಾಡಿಸಿಕೊಟ್ಟವಳೇ ಅವಳು. ಆನ್‌ಲೈನ್ ಅರ್ಜಿ ತುಂಬಿಸಿ, ಪ್ಯಾಕೆಟಿನ ಮೇಲೆ ಏನೇನು ಬರೆಯಬೇಕೆಂದು ಹೇಳಿಕೊಟ್ಟು, ಎರಡು ಸಲ ಕೊರವಡಿಯವರೆಗೂ ಸ್ಕೂಟಿಯಲ್ಲಿ ಬಂದಿದ್ದಳು. ಜಲಜ ಕೊಟ್ಟ ಚಹಾ ಕುಡಿದು, ಸಿಗಡಿ ಚಟ್ನಿ ನೆಕ್ಕಿ, ಕಣ್ಣು ಮುಚ್ಚಿ, "ಆಹಾ" ಎಂದಿದ್ದಳು. ಸಂಘವೆಂದರೆ ಹೀಗಿರಬೇಕು ಎಂದು ಜಲಜ ಅವತ್ತು ಕೇರಿಯೆಲ್ಲ ಹೇಳಿಕೊಂಡು ಬಂದಿದ್ದಳು.

ಆ ಆರ್ಡರು ಅವಳಿಗೆ ಎಷ್ಟು ಬೇಕಿತ್ತೆಂದು ಹೇಳಬೇಕು. ಮೂವತ್ತು ವರ್ಷ ತಲೆಯ ಮೇಲೆ ಒಣಮೀನಿನ ಬುಟ್ಟಿ ಹೊತ್ತು ಬಾರ್ಕೂರು, ಬ್ರಹ್ಮಾವರದ ಮನೆಮನೆ ತಿರುಗಿದವಳು. ಗಂಡ ತೀರಿಹೋಗಿ ಹನ್ನೊಂದು ವರ್ಷ. ಮಗ ಮಲ್ಪೆಯ ಬೋಟಿನಲ್ಲಿ ದುಡಿಯುವವನು, ಮನೆಗೆ ಬರುವುದು ಹತ್ತು ದಿನಕ್ಕೊಮ್ಮೆ. ಈಗ ಜಲಜಳ ಮೊಣಕಾಲು ಕೈಕೊಟ್ಟಿತ್ತು. ಅದಕ್ಕಿಂತ ಮೊದಲು ಬಸ್ಸಿನವರು ಕೈಕೊಟ್ಟಿದ್ದರು. ಮೊದಲೆಲ್ಲ ಬುಟ್ಟಿಯನ್ನು ತಾವೇ ಎತ್ತಿ ಟಾಪಿಗೆ ಹಾಕುತ್ತಿದ್ದ ಕಂಡಕ್ಟರುಗಳು ಈಗ, "ಹ್ವಾಯ್ ಅಮ್ಮ, ವಾಸ್ನೆ ಬತ್ತ್, ಹಿಂದಿನ್ ಬಸ್ಸಿಗ್ ಬನ್ನಿ" ಎಂದು ಸೀಟಿ ಊದಿಬಿಡುತ್ತಿದ್ದರು. ಹಿಂದಿನ ಬಸ್ಸಿನವನೂ ಅದನ್ನೇ ಹೇಳುತ್ತಿದ್ದ. ಹಾಗಾಗಿ ಅಂಗಳದಲ್ಲಿ ಒಂದು ಶೀಟಿನ ಮಾಡು ಇಳಿಸಿ, ಅದರ ನೆರಳಲ್ಲಿ ಕೇರಿಯ ಮೂವರು ಹೆಂಗಸರನ್ನು ಸೇರಿಸಿಕೊಂಡು, ಕೂತಲ್ಲೇ ಚಟ್ನಿಪುಡಿ ಮಾಡಿ ಕಳಿಸುವುದು ಅವಳ ಆಸೆ. ದೊಡ್ಡದೊಂದು ಆರ್ಡರು ಬಂದರೆ ಅದು ಆಗುತ್ತದೆ, ಬರದಿದ್ದರೆ ಮತ್ತೆ ಬುಟ್ಟಿಯೇ ಗತಿ.

"ಎಂತ ಮಾಡುದ್ ಅತ್ತೆ? ಮೀನ್ ಬಿಟ್ರೆ ನಮ್ದ್ ಎಂತ ಇತ್ತ್?" ಎಂದು ಶ್ರೀಲತಾ ಉರಿದುಬಿದ್ದಳು. "ಹೋಪುದೇ ಬ್ಯಾಡ."

"ಬಾಯ್ ಮುಚ್ಚ್ ಹೆಣೆ" ಎಂದಳು ಜಲಜ. "ಗಣಪತಿ ಕಾಲ್ ಬುಡದಂಗೆ ಮೀನ್ ಹಿಡ್ಕಂಡ್ ಹೋಪುಕೆ ನಂಗೂ ಮನ್ಸ್ ಬತ್ತಿಲ್ಲೆ. ಚಟ್ಲಿ ಒಂದ್ ಬಿಟ್ಟ್ ಮಾಡ್ತೆ. ರುಚಿ ಕಂಡಾರೂ ಕಾಣ್ಲಿ." ಚಟ್ಲಿಯೆಂದರೆ ಸಿಗಡಿ. ಜಲಜ ಪ್ರತಿ ಸಂಕಷ್ಟಿಗೆ ಉಪವಾಸವಿದ್ದು ಕುಂಭಾಶಿಯಲ್ಲೇ ಇರುವ ಆನೆಗುಡ್ಡೆ ಗಣಪತಿಯ ಗುಡಿಗೆ ಹೋಗಿ ಕೈಮುಗಿದು ಬರುವವಳು. ಮೀನು ತರಬೇಡಿ ಎಂದದ್ದಕ್ಕೆ ಅವಳಿಗೆ ಸಿಟ್ಟು ಬರಲೇ ಇಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಅವಳು ಮಾಡಿದ ಮಡಿ ನೋಡಬೇಕಿತ್ತು. ತಲೆಗೆ ಸ್ನಾನ ಮಾಡಿದಳು. ಮೀನಿನ ಮಡಕೆ, ಮೀನಿನ ಸೌಟು, ಮೀನು ಕೊಯ್ಯುವ ಮೆಟ್ಟುಗತ್ತಿ ಎಲ್ಲ ಹಿತ್ತಿಲಿಗೆ ಹೋದವು. ಒಲೆ ಸಾರಿಸಿದ್ದಾಯಿತು. ಮಿಕ್ಸಿಗೆ ಹೊಸ ಜಾರು, ತುಂಬಿಸಲು ಹೊಸ ಡಬ್ಬ ಬಂತು. ಬೆಳ್ಳುಳ್ಳಿಯೂ ಬೇಡವೆಂದಳು. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ, ಕರಿಬೇವು, ಉಪ್ಪು, ಅಷ್ಟೇ. ಹುರಿಯುವುದಕ್ಕೆ ಮಾತ್ರ ಅತ್ತೆಯ ಕಾಲದ ಮಣ್ಣಿನ ಓಡನ್ನೇ ತೆಗೆದುಕೊಂಡಳು. ಅಗಲ ಬಾಯಿಯ, ಹೊರಗೆಲ್ಲ ಕಪ್ಪಾದ, ಒಳಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಓಡು. ಹುಳಿ, ಬೂದಿ ಹಾಕಿ ಮೂರು ಸಲ ತಿಕ್ಕಿ ಬಿಸಿಲಿಗಿಟ್ಟಳು. ಆ ಓಡಿನಲ್ಲಿ ಅಕ್ಕಿ, ಮೆಣಸು, ಕಾಯಿ, ಸಿಗಡಿ ಎಲ್ಲವನ್ನೂ ಹುರಿಯುತ್ತಿದ್ದರು. ಆದರೂ ಅವಳ ಮನೆಯಲ್ಲಿ ನೀರು ಹಾಕಿ ಮೀನು ಬೇಯಿಸಿದ್ದು ಮಾತ್ರ ಮೀನಿನ ಪಾತ್ರೆ, ಒಣಗಿದ್ದನ್ನು ಹುರಿಯುವ ಓಡು ಆ ಸಾಲಿಗೆ ಸೇರುವುದಿಲ್ಲ. ಅತ್ತೆಯೂ ಸೇರಿಸಿರಲಿಲ್ಲ, ಅತ್ತೆಯ ಅತ್ತೆಯೂ ಸೇರಿಸಿರಲಿಲ್ಲ.

ಮೇಳದ ದಿನ ಹಾಲಿನ ಬಾಗಿಲಿಗೆ ಬಾಳೆಕಂಬ, ತೋರಣ. ವೇದಿಕೆಯಲ್ಲಿ ಕೌಶಲ್ ಹೆಗ್ಡೆ ಬಿಳಿ ಅಂಗಿ ತೊಟ್ಟು ಮುಕ್ಕಾಲು ಗಂಟೆ ಮಾತಾಡಿದ. ಅವನ ಅಜ್ಜ ಬಾರ್ಕೂರಿನಲ್ಲಿ ಗದ್ದೆ ಉಳುಮೆ ಮಾಡಿಸಿದವರು, ಅಪ್ಪ ಮುಂಬೈಯಲ್ಲಿ ಹೋಟೆಲು ಇಟ್ಟವರು. ಅವನಿಗೆ ಕುಂದಾಪುರದಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು. "ಸಣ್ಣವರನ್ನು ಕೈಹಿಡಿದು ಮೇಲೆತ್ತುವುದೇ ಸಂಘದ ಧರ್ಮ" ಎಂದ. ಜಲಜ ಮೈಮರೆತು ಚಪ್ಪಾಳೆ ಹೊಡೆದಳು.

ಬೆಂಗಳೂರಿನವರು ದಪ್ಪ ಕನ್ನಡಕದ, ಹಣೆಗೆ ಗಂಧ ಇಟ್ಟ ಮನುಷ್ಯ. ಇಪ್ಪತ್ತು ಟೇಬಲು ಸುತ್ತಿ ಸುಸ್ತಾಗಿ ಜಲಜಳ ಹತ್ತಿರ ಬಂದವರು, ಅನ್ನದ ಮೇಲೆ ಉದುರಿಸಿದ ಚಟ್ನಿಪುಡಿಯನ್ನು ಬಾಯಿಗೆ ಹಾಕಿಕೊಂಡು ನಿಂತುಬಿಟ್ಟರು. ಇನ್ನೊಂದು ಚಮಚ ಹಾಕಿಸಿಕೊಂಡರು. ಮತ್ತೊಂದೂ ಹಾಕಿಸಿಕೊಂಡರು.

"ಇಷ್ಟು ಚಟ್ನಿಪುಡಿ ತಿಂದಿದೀನಿ, ಈ ರುಚಿ ಎಲ್ಲೂ ಇಲ್ಲಮ್ಮ. ಏನೋ ಒಂದು ಇದೆ ಇದ್ರಲ್ಲಿ. ಏನು ಹಾಕ್ತೀರ?"

"ಎಂತ ಇಲ್ಲೆ ಸಾರ್. ಕಾಯಿ, ಮೆಣ್ಸ್, ಹುಳಿ. ನಮ್ ಕೈಗುಣ ಅಷ್ಟೆ" ಎಂದು ಜಲಜ ನಾಚಿಕೊಂಡಳು. ಕೌಶಲ್ ಓಡಿಬಂದು ಅವಳ ಹೆಗಲಿಗೆ ಶಾಲು ಹೊದೆಸಿದ. ಫೋಟೋದವನು ಆ ಕಡೆಯಿಂದ, ಈ ಕಡೆಯಿಂದ ಹತ್ತು ಫೋಟೋ ಹೊಡೆದ. ಒಂದೇ ವಾರದಲ್ಲಿ ಅದೇ ಫೋಟೋ ಆಳೆತ್ತರದ ಬ್ಯಾನರಾಗಿ ಹೆದ್ದಾರಿಯ ಪಕ್ಕ ಹಾಲಿನ ಗೇಟಿಗೆ ಏರಿತು. ಕೆಳಗೆ "ನಮ್ಮ ಜಲಜಕ್ಕ, ನಮ್ಮ ಹೆಮ್ಮೆ" ಎಂದು ಬರೆದಿತ್ತು. ತಿಂಗಳಿಗೆ ಎರಡು ಸಾವಿರ ಪ್ಯಾಕೆಟಿನ ಆರ್ಡರೆಂದು ಸುದ್ದಿ ಕೇರಿಗೆ ಬಂದದ್ದೇ ತಡ, ಪಕ್ಕದ ಮನೆಯ ಪದ್ದು ಗೇರುಬೀಜದ ಕಾರ್ಖಾನೆಯ ಕೆಲಸ ಬಿಟ್ಟು ಬಂದು, "ಅಕ್ಕ, ನಾಳೆಯಿಂದ್ಲೇ ಬತ್ತೆ" ಎಂದಳು. ಜಲಜ ಬೇಡವೆನ್ನಲಿಲ್ಲ.

ಹತ್ತು ದಿನ ಬಿಟ್ಟು ಸಂಘದಿಂದ ಕರೆ ಬಂತು. ಕೌಶಲ್ ತಾನೇ ಕುರ್ಚಿ ಎಳೆದು ಕೂರಿಸಿ, ತಂಪು ಪಾನೀಯ ತರಿಸಿ ಮಾತು ತೆಗೆದ.

"ಕಾಣಿ ಜಲಜಕ್ಕ, ಆರ್ಡರ್ ಸಂಘದ ಹೆಸ್ರಿಗ್ ಬಂದಿತ್ತ್. ಆದ್ರೆ ಅವ್ರದ್ದ್ ಒಂದ್ ಷರತ್ತ್. ಶುದ್ಧ ಸಸ್ಯಾಹಾರಿ ಅಡುಗೆಮನೆಯಲ್ಲೇ ಮಾಡ್ಕ್ ಅಂಬ್ರ್. ನಿಮ್ಮನೆ ಮೀನಿನ್ ಮನೆ. ನಿಮ್ಗೆ ಆ ಸರ್ಟಿಫಿಕೇಟ್ ಸಿಕ್ಕುದಿಲ್ಲೆ."

"ಹಾಂಗಾರೆ?"

"ಹಾಂಗಾರೆ ಎಂತ, ನಮ್ಮ ಹೋಟ್ಲಿನ್ ಅಡುಗೆಮನೆ ಇತ್ತಲೆ. ಪ್ಯಾಕೆಟಿನ್ ಮೇಲೆ ನಿಮ್ಮದೇ ಫೋಟೋ, ನಿಮ್ಮದೇ ಹೆಸ್ರ್. ಮರ್ಯಾದಿ ನಿಮ್ದೇ."

"ಆತ್ತ್ ಅಣ್ಣ. ನಾವ್ ನಾಲ್ಕ್ ಹೆಂಗಸ್ರ್ ಅಲ್ಲೇ ಬಂದ್ ಮಾಡ್ತೊ. ಸ್ನಾನ ಮಾಡ್ಕಂಡೇ ಬತ್ತೊ."

ಕೌಶಲ್ ನಕ್ಕ. "ಅಲ್ಲ್ ಕೆಲ್ಸದವ್ರ್ ಇದ್ರ್ ಜಲಜಕ್ಕ. ನೀವ್ ಮೂರ್ ದಿನ ಬಂದ್ ಕಲ್ಸಿ ಕೊಡಿ ಸಾಕ್. ತರಬೇತುದಾರರು ನೀವು! ಗೌರವಧನ ಕೊಡ್ತೊ."

ಜಲಜ ಅನಿಷಾಳ ಮುಖ ನೋಡಿದಳು. ಅನಿಷಾ ತನ್ನ ಫೈಲು ನೋಡಿದಳು. ಆಗಲೇ ಎದ್ದು ಬಂದುಬಿಡಬೇಕಿತ್ತು ಪುಣ್ಯಾತ್ಗಿತ್ತಿ. ಆದರೆ ಲೈಸೆನ್ಸು ಮಾಡಿಸಿಕೊಟ್ಟವರ ಎದುರು ಆಗುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಕಲಿಸಿಕೊಟ್ಟರೆ ಮುಂದೆ ಯಾವತ್ತಾದರೂ ತಮ್ಮನ್ನೂ ಕರೆದಾರು ಎಂಬ ಆಸೆ ಬೇರೆ ಒಳಗೆ ಮಿಸುಕಾಡುತ್ತಿತ್ತು. ಮನೆಗೆ ಬಂದು ಪದ್ದುವಿನ ಹತ್ತಿರ, "ಸಲ್ಪ ತಡ ಆತ್ತ್ ಮರಾಯ್ತಿ, ಎಂತ ಹೆದ್ರುದ್ ಬ್ಯಾಡ" ಎಂದಳು.

ಮೂರು ದಿನ ಹೋದಳು. ಮೊದಲ ದಿನ ಹೋಟೆಲಿನ ಹಿಂಬಾಗಿಲಲ್ಲಿ ಅಡುಗೆಯ ಹಿರಿಯಾಳು ಕಿಟ್ಟ ಅಡ್ಡ ನಿಂತು, "ಮೀನ್ ಮುಟ್ಟಿ ಬಂದಿದ್ರ್ಯಾ?" ಎಂದು ಕೇಳಿದ. ಇಲ್ಲವೆಂದರೂ ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಾಕಿಸಿ ತೊಳೆಸಿದ. ಮೂವತ್ತು ವರ್ಷ ಎಷ್ಟೋ ಮನೆಯ ಹಿಂಬಾಗಿಲಲ್ಲಿ ನಿಂತವಳಿಗೆ ಅದು ಹೊಸದಲ್ಲ, ಆದರೆ ಗೋಡೆಯಲ್ಲಿ ತನ್ನದೇ ಫೋಟೋ ಅಂಟಿಸಿದ ಕಡೆ ಕೈ ತೊಳೆಸಿಕೊಂಡದ್ದು ಅದೇ ಮೊದಲು. ಆದರೂ ಏನನ್ನೂ ಮುಚ್ಚಿಡಲಿಲ್ಲ. ಮೆಣಸು ಎಷ್ಟು ಕೆಂಪಗಾಗಬೇಕು, ಕಾಯಿ ಯಾವ ಬಣ್ಣಕ್ಕೆ ಬಂದಾಗ ಇಳಿಸಬೇಕು, ಹುಳಿಯನ್ನು ಯಾವಾಗ ಹಾಕಬೇಕು, ಎಲ್ಲವನ್ನೂ ಕಿಟ್ಟನ ಕೈ ಹಿಡಿದು ಕಲಿಸಿದಳು. ಅಲ್ಲಿ ಹುರಿದದ್ದು ಮದುವೆ ಮನೆಯ ಗಾತ್ರದ ಸ್ಟೀಲು ಬಾಣಲೆಯಲ್ಲಿ.

ಆ ಪುಡಿಯ ಮೊದಲ ಪೊಟ್ಟಣ ಬೆಂಗಳೂರಿಗೆ ಹೋಯಿತು, ಹೋದ ಹಾಗೇ ಬಂತು. "ಇದು ಅದಲ್ಲ" ಎಂದರಂತೆ ಕನ್ನಡಕದವರು. ಎರಡನೆಯದೂ ಬಂತು. ಹದಿನೈದು ದಿನದಲ್ಲಿ ಸರಿಯಾದ ಪುಡಿ ಕೊಡದಿದ್ದರೆ ಆರ್ಡರು ರದ್ದು.

ಅನಿಷಾಳ ಫೋನು ಬಂತು. ದನಿಯಲ್ಲಿ ಮೊದಲಿನ ಸಲಿಗೆಯಿಲ್ಲ. "ಜಲಜಕ್ಕ, ನೀವ್ ಎಂತದೋ ಒಂದ್ ಬಿಟ್ಟಿದ್ರಿ ಅಂತ ಎಲ್ರೂ ಹೇಳ್ತಿದ್ರ್. ಬೇಕಂತ್ಲೇ ಮುಚ್ಚಿಟ್ಟಿದ್ರಿ ಅಂಬ್ರ್. ಸಂಘ ನಿಮ್ಗೆ ಇಷ್ಟೆಲ್ಲ ಮಾಡಿತ್ತ್. ಗುರುವಾರ ಕಮಿಟಿ ಮೀಟಿಂಗ್ ಇತ್ತ್, ಬಂದ್ ಹೇಳಿ."

"ನಾನ್ ಎಂತ ಬಿಟ್ಟಿಲ್ಲೆ ಮೇಡಂ, ಗಣಪತಿ ಆಣೆ" ಎಂದಳು ಜಲಜ. ಫೋನು ಆಗಲೇ ಕಟ್ಟಾಗಿತ್ತು.

ಕಳ್ಳಿ ಎಂದಿದ್ದರೂ ಸಹಿಸುತ್ತಿದ್ದಳೇನೋ. ಕಲಿಸಿಕೊಡುತ್ತೇನೆಂದು ಹೋಗಿ ಮೋಸ ಮಾಡಿದವಳು ಎಂಬ ಮಾತು ಮಾತ್ರ ಎದೆಯಲ್ಲಿ ನಾಟಿತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬುಧವಾರ ಮಧ್ಯಾಹ್ನ ಶ್ರೀಲತಾ ಗಂಜಿಗೆ ನೆಂಚಿಕೊಳ್ಳಲು ಒಂದು ಹಿಡಿ ಕಾಯಿತುರಿಯನ್ನು ಓಡಿನಲ್ಲಿ ಹುರಿಯುತ್ತಿದ್ದಳು. ಬರೀ ಕಾಯಿತುರಿ. ಪರಿಮಳ ಚಾವಡಿಗೆ ಬಂತು. ಹೊರಗೆ ಕೂತಿದ್ದ ಪದ್ದು, "ಚಟ್ಲಿ ಹುರಿತಿದ್ಯಾ ಶ್ರೀಲತಾ? ನಂಗೊಂಚೂರ್ ಹಾಕ್" ಎಂದಳು.

ಜಲಜ ಎದ್ದು ಒಳಗೆ ಹೋದಳು. ಓಡಿನೊಳಗೆ ಬಗ್ಗಿ ನೋಡಿದಳು. ಕಾಯಿ ಬಿಟ್ಟರೆ ಏನೂ ಇಲ್ಲ. ಮೂಗು ಹತ್ತಿರ ಒಯ್ದಳು. ಮೂವತ್ತು ವರ್ಷದ ಸಿಗಡಿ, ಅದಕ್ಕೂ ಹಿಂದಿನ ಅತ್ತೆಯ ಕಾಲದ ಸಿಗಡಿ, ಆ ಮಣ್ಣು ಕುಡಿದು ಕೂತಿತ್ತು. ಬೂದಿ ಹಾಕಿ ತಿಕ್ಕಿದರೆ ಅದು ಎಲ್ಲಿಗೆ ಹೋಗುತ್ತದೆ? ಬಿಸಿ ತಾಗಿದ ಕೂಡಲೇ ಬಿಡುತ್ತದೆ. ಹಣೆಗೆ ಗಂಧ ಇಟ್ಟವರು ಮೂರು ಚಮಚ ಹಾಕಿಸಿಕೊಂಡು ಹುಡುಕಿದ್ದು ಇದನ್ನೇ.

"ಅಯ್ಯೋ ದೇವ್ರೆ" ಎಂದು ಜಲಜ ಒಲೆಯ ಮುಂದೆ ಕುಸಿದು ಕೂತಳು. "ಎಂತ ಮಾಡಿಬಿಟ್ಟೆ ನಾನ್! ಗಣಪತಿ ಬಾಗ್ಲಂಗೆ ತಿನ್ಸಿದೆ ಹೆಣೆ. ತಿಂಬುದಿಲ್ದವ್ರಿಗೆ ತಿನ್ಸಿದೆ."

ಶ್ರೀಲತಾಗೆ ಮೊದಲು ನಗು ಬಂತು. ಅತ್ತೆಯ ಮುಖ ನೋಡಿ ನಿಂತಿತು. "ಬಿಡಿ ಅತ್ತೆ, ಯಾರಿಗೂ ಗೊತ್ತಿಲ್ಲೆ. ಹೇಳುದೇ ಬ್ಯಾಡ."

"ಹೇಳ್ದಿದ್ರೆ ನಾನ್ ಮುಚ್ಚಿಟ್ಟವ್ಳೇ ಆತೆ ಅಲ್ದಾ?" ಎಂದಳು ಜಲಜ.

ಗುರುವಾರ ಅತ್ತೆ ಸೊಸೆ ಇಬ್ಬರೂ ಕುಂದಾಪುರಕ್ಕೆ ಹೋದರು. ಸಂಘದ ಆಫೀಸು ಎರಡನೆಯ ಮಹಡಿಯಲ್ಲಿ, ಮೊಣಕಾಲು ಹಿಡಿದುಕೊಂಡೇ ಹತ್ತಬೇಕಾಯಿತು. ಒಳಗೆ ಕೌಶಲ್, ಅನಿಷಾ, ಕಮಿಟಿಯ ಮತ್ತಿಬ್ಬರು. ಈ ಸಲ ಕುರ್ಚಿಯನ್ನು ಯಾರೂ ಎಳೆದು ಕೊಡಲಿಲ್ಲ. ಜಲಜ ಅಕ್ಕಿಚೀಲದಿಂದ ಓಡನ್ನು ಹೊರತೆಗೆದು ಗಾಜಿನ ಮೇಜಿನ ಮೇಲಿಟ್ಟಳು.

"ನಾನ್ ಬಿಟ್ಟದ್ದ್ ಇದೊಂದೇ. ಇದ್ರಂಗೆ ಚಟ್ಲಿ ಹುರಿತಿದ್ದೊ. ಗೊತ್ತಿಲ್ದೆ ಆಯ್ತ್. ಗೊತ್ತಾದ್ಮೇಲೆ ಬಂದ್ ಹೇಳ್ತಿದ್ದೆ. ಆ ಬೆಂಗ್ಳೂರಿನವ್ರಿಗೂ ನಾನೇ ತಪ್ಪಾಯ್ತ್ ಅಂತ ಹೇಳ್ತೆ. ನಂಬರ್ ಕೊಡಿ."

ಅನಿಷಾ ಬಾಯಿಗೆ ಕೈ ಹಿಡಿದಳು. ಕಮಿಟಿಯವನೊಬ್ಬ ಕುರ್ಚಿ ಹಿಂದಕ್ಕೆ ಸರಿಸಿದ. ಕೌಶಲ್ ಎದ್ದು ಹೋಗಿ ಬಾಗಿಲು ಹಾಕಿ ಚಿಲಕ ಜಡಿದ. ಈಗ ಬೈಯುತ್ತಾನೆಂದು ಜಲಜ ತಲೆ ತಗ್ಗಿಸಿ ನಿಂತಳು. ಬೈಗುಳ ತಿಂದರೆ ಪಾಪ ಸ್ವಲ್ಪವಾದರೂ ಕಳೆದೀತು ಎಂದೇ ಅವಳು ಬಂದದ್ದು.

ಕೌಶಲ್ ಬೈಯಲಿಲ್ಲ. ಓಡನ್ನು ಎರಡೂ ಕೈಯಲ್ಲಿ ಎತ್ತಿ, ಒಳಗೆ ಮೂಗಿಟ್ಟು ನೋಡಿದ.

"ಇದ್ ಮತ್ಯಾರಿಗ್ ಗೊತ್ತಿತ್ತ್?"

"ನಂಗೆ, ನನ್ ಸೊಸಿಗೆ."

"ಸಾಕ್. ಇಲ್ಲಿಗೇ ಮುಗೀಲಿ. ಯಾರಿಗೂ ಫೋನ್ ಗೀನ್ ಮಾಡುದ್ ಬ್ಯಾಡ. ಓಡ್ ಇಲ್ಲೇ ಇರ್ಲಿ, ಸಂಜಿಗ್ ಹೋಟ್ಲಿಗ್ ಕಳ್ಸ್ತೆ. ಇಂಥದ್ದ್ ಇನ್ನೊಂದೆರಡ್ ನಿಮ್ ಕೇರಿಯಂಗೆ ಸಿಕ್ಕತಾ? ಹಳಿದೇ ಬೇಕ್."

ಜಲಜಳಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. "ಅಣ್ಣ, ಅದ್ರಂಗೆ ಮೀನ್ ಹುರಿದದ್ದ್ ಅಂತ ಹೇಳ್ದೆ ನಾನ್."

"ಮೀನ್ ಎಲ್ಲಿತ್ತ್ ಜಲಜಕ್ಕ? ತೊಳ್ದ್ ಪಾತ್ರೆ. ಯಾರ್ ಒಳ್ಗ್ ಬಂದ್ ಕಾಂತ್ರ್?"

ಆಗ ಅವಳ ತಲೆಗೆ ಸಿಟ್ಟು ಏರಿತು. ಮೇಳದ ದಿನ ಬಾರದ ಸಿಟ್ಟು, ಹಿಂಬಾಗಿಲ ನಲ್ಲಿಯ ಹತ್ತಿರ ನುಂಗಿಕೊಂಡ ಸಿಟ್ಟು, ಎಲ್ಲ ಒಟ್ಟಿಗೆ ಬಂತು.

"ಹಾಂಗಾರೆ ನನ್ನ್ ಅಡ್ಗಿಮನಿ ಎಂತಕೆ ಆಗ್ಲಿಲ್ಲೆ? ನಾವೂ ತೊಳ್ದೇ ಮಾಡ್ತಿದ್ದೊ ಅಲ್ದಾ? ನನ್ನ್ ಓಡ್ ನಿಮ್ಮ್ ಒಳ್ಗ್ ಹೋಪುಕೆ ಆತ್ತ್, ನನ್ನ್ ಕೈ ಮಾತ್ರ ಹೊರ್ಗ್ ತೊಳಿಕಾ?"

ಅನಿಷಾಳ ಕಣ್ಣಲ್ಲಿ ನೀರಿತ್ತು. ಇದ್ದೇನು ಪ್ರಯೋಜನ ಆ ಕಣ್ಣೀರು? ಜಲಜ ಮೇಜು ಸುತ್ತಿ ಹೋಗಿ ಕೌಶಲ್‌ನ ಕೈಯಿಂದ ಓಡನ್ನು ತೆಗೆದುಕೊಂಡಳು. ಅವನು ಬಿಡಲು ಒಂದು ಕ್ಷಣ ತಡಮಾಡಿದ.

"ಯೋಚ್ನೆ ಮಾಡಿ" ಎಂದ. "ಆರ್ಡರ್ ಹೋದ್ರೆ ನಿಮ್ಮಿಂದ್ಲೇ ಹೋಯ್ತ್ ಅಂತ ಎಲ್ಲ ಸದಸ್ಯರಿಗೂ ಹೇಳ್ಕಾತ್ತ್. ಸಂಘದಂಗೆ ನಿಮ್ಮ್ ಹೆಸ್ರೂ ಉಳೂದಿಲ್ಲೆ."

"ಹೇಳಿ" ಎಂದಳು ಜಲಜ. ಚಿಲಕವನ್ನು ಶ್ರೀಲತಾ ತೆಗೆದಳು.

ಬಸ್ಸಿನಲ್ಲಿ ಓಡು ಜಲಜಳ ತೊಡೆಯ ಮೇಲೆ ಚೀಲದೊಳಗಿತ್ತು. ಎರಡು ಸಾವಿರ ಪ್ಯಾಕೆಟು ಹೋಯಿತು, ಶೀಟಿನ ಮಾಡು ಹೋಯಿತು. ಪದ್ದುವಿಗೆ ಏನು ಹೇಳುವುದು? ಗೇರುಬೀಜದ ಕಾರ್ಖಾನೆಯವರು ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಬುಟ್ಟಿ ಎತ್ತಬೇಕು, ಯಾವ ಕಂಡಕ್ಟರು ಹತ್ತಿಸಿಕೊಳ್ಳುತ್ತಾನೋ ಎಂದು ಹೆದ್ದಾರಿಯಲ್ಲಿ ಕಾಯಬೇಕು.

ಕೊರವಡಿಗೆ ಹೋಗಲು ಕುಂಭಾಶಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಹಾಲಿನ ಗೇಟಿನಲ್ಲಿ ಬ್ಯಾನರು ಹಾಗೇ ನೇತಾಡುತ್ತಿತ್ತು. ಶಾಲು ಹೊದ್ದ ಜಲಜ ಹಲ್ಲು ಬಿಟ್ಟು ನಗುತ್ತಿದ್ದಳು. ಅವಳು ಅತ್ತ ನೋಡದೆ ದೇವಸ್ಥಾನದ ದಾರಿ ಹಿಡಿದು, ಕಾಲು ಎಳೆಯುತ್ತ, ಮೆಟ್ಟಿಲ ಬುಡದವರೆಗೆ ಬಂದು ನಿಂತಳು.

"ನೀನ್ ಒಳ್ಗ್ ಹೋಗ್ ಬಾ. ನನ್ನ್ ಕೈಯಂಗೆ ಇದಿತ್ತಲೆ, ನಾನ್ ಬಪ್ಪುಕಾಗ" ಎಂದು ಚೀಲವನ್ನು ಎದೆಗೆ ಒತ್ತಿಕೊಂಡಳು. ಸೆರಗಿನ ಗಂಟು ಬಿಚ್ಚಿ, ನೂರರ ಎರಡು ನೋಟು ತೆಗೆದು ಸೊಸೆಯ ಕೈಗಿಟ್ಟಳು. "ತಪ್ಪುಕಾಣಿಕೆ ಹಾಕ್. ಗೊತ್ತಿಲ್ದೆ ಮಾಡ್ದೆ ಅಂತ ಹೇಳ್."

ಶ್ರೀಲತಾ ಒಂದನ್ನು ಹಿಂದಕ್ಕೆ ಕೊಡಲು ಹೋದಳು. "ಎರಡ್ ಎಂತಕೆ ಅತ್ತೆ? ನಾಳೆ ಬಸ್ಸಿಗ್ ಬೇಕ್."

"ಇರ್ಲಿ, ಹಾಕ್. ಒಂದ್ ನಂದ್, ಇನ್ನೊಂದ್ ಕೌಶಲಣ್ಣಂದ್" ಎಂದಳು ಜಲಜ. "ಅವ್ರ್ ಹಾಕುದಿಲ್ಲೆ."